ನಾಲ್ಕು ಮನೆಯವರು ಕಾಯುವ ಕಡಲು

ನಾಲ್ಕು ಮನೆಗಳಿಗೆ ಸೇರಿದ ಒಂದು ಬಾವಿಯುಂಟೆಂದು ಎಣಿಸಿರಿ. ನೀರು ಸೇದುವುದಕ್ಕೆ ನಾಲ್ವರಿಗೂ ಹಕ್ಕುಂಟು. ವರುಷಕ್ಕೊಮ್ಮೆ ಹೂಳೆತ್ತಿಸುವಾಗ ಖರ್ಚನ್ನೂ ಸಮವಾಗಿ ಹಂಚಿಕೊಳ್ಳುವರು. ಎಲ್ಲವೂ ಸುಗಮವಾಗಿ ನಡೆಯುತ್ತಿರುವವರೆಗೆ ಬಾವಿಯ ಯಜಮಾನರು ಯಾರೆಂಬ ಪ್ರಶ್ನೆಯೇ ಹುಟ್ಟುವುದಿಲ್ಲ. ಹೀಗಿರಲು ಒಂದು ರಾತ್ರಿ ಬಾವಿಗೆ ಯಾರೋ ಬಿದ್ದರೆಂಬ ಕೂಗು ಕೇಳುತ್ತದೆ. ಹಗ್ಗವು ಒಂದು ಮನೆಯಲ್ಲಿದೆ, ದೀಪವು ಮತ್ತೊಂದು ಮನೆಯಲ್ಲಿದೆ, ಏಣಿಯು ಮೂರನೆಯ ಮನೆಯಲ್ಲಿದೆ, ಈಜಬಲ್ಲ ಹುಡುಗನು ನಾಲ್ಕನೆಯ ಮನೆಯವನು. ನಾಲ್ಕು ಮನೆಯವರೂ ಒಳ್ಳೆಯವರೇ, ನಾಲ್ವರೂ ಓಡಿ ಬಂದವರೇ. ಆದರೂ ಹಗ್ಗ, ದೀಪ, ಏಣಿಗಳಿಗಿಂತ ಮೊದಲು ಅಲ್ಲಿ ಬೇಕಾದುದು, ‘ನೀನು ಇದನ್ನು ಹಿಡಿ, ನೀನು ಅಲ್ಲಿ ನಿಲ್ಲು’ ಎಂದು ಹೇಳುವ ಒಂದು ಧ್ವನಿ. ಆ ಧ್ವನಿಯು ಯಾರದೆಂಬುದನ್ನು ಅದೇ ಗಳಿಗೆಯಲ್ಲಿ ಕುಳಿತು ತೀರ್ಮಾನಿಸುವುದಕ್ಕೆ ಬಿದ್ದವನು ಕಾದಿರಲಾರನು. ಹತ್ತು ಜನರ ನಡುವೆ ಹಾವು ಸಾಯದೆಂದು ನಮ್ಮ ಹಿರಿಯರು ಹೇಳಿಟ್ಟಿರುವುದು ಇಂಥ ಸಂದರ್ಭಕ್ಕಾಗಿಯೇ ಇರಬೇಕು.

ಈ ತಿಂಗಳು ನಾವು ವಾಚಕರ ಮುಂದಿಡಬೇಕೆಂದಿರುವ ವಿಷಯವು ಇಂತಹ ಒಂದು ಬಾವಿಯದೇ. ಆದರೆ ಅದರ ವಿಸ್ತಾರವು ಬಹಳ ದೊಡ್ಡದು. ಜರ್ಮನಿ ದೇಶದವರು ತಮ್ಮ ಕಡಲನ್ನು ಕಾಯುವುದಕ್ಕೆ ಒಂದೇ ಪಡೆಯನ್ನು ಇಟ್ಟುಕೊಂಡಿಲ್ಲ. ನಾಲ್ಕು ಬೇರೆ ಬೇರೆ ಇಲಾಖೆಗಳವರು, ಅದೂ ನಾಲ್ಕು ಬೇರೆ ಬೇರೆ ಮಂತ್ರಿಗಳ ಕೈಕೆಳಗಿನವರು, ತಮ್ಮ ತಮ್ಮ ಹಡಗುಗಳಲ್ಲಿ ಕುಳಿತು ಒಂದೇ ಹೆಸರಿನಲ್ಲಿ ಆ ಕೆಲಸವನ್ನು ನಡೆಸುತ್ತಿರುವರು. ಅವರಲ್ಲಿ ಯಾರೂ ಸೈನಿಕರಲ್ಲ. ಈ ಏರ್ಪಾಡು ಹೇಗೆ ಹುಟ್ಟಿತು, ಹೇಗೆ ನಡೆಯುತ್ತಿದೆ, ಎಲ್ಲಿ ಎಡವಿತು, ಎಡವಿದ ಮೇಲೆ ಏನನ್ನು ಕಲಿಯಿತು ಎಂಬುದು ಕೂಡಿ ಬಾಳುವ ಎಲ್ಲರಿಗೂ ವಿಚಾರಯೋಗ್ಯವಾದ ಸಂಗತಿಯೆಂದು ನಮಗೆ ತೋರುತ್ತದೆ.

ದೂರದ ಜರ್ಮನಿಯ ಕಡಲಿನ ಗೊಡವೆಯು ನಮಗೇತಕ್ಕೆಂದು ಕೇಳುವವರೂ ಇರಬಹುದು. ಕನ್ನಡಿಗರಿಗೆ ಆ ದಡವು ತೀರ ಹೊರಗಿನದಲ್ಲ. ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕನ್ನಡ-ಇಂಗ್ಲಿಷ್ ನಿಘಂಟನ್ನು ನಮ್ಮ ಭಾಷೆಗೆ ಕೊಟ್ಟ ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲ್ಲರು ೧೮೩೨ರಲ್ಲಿ ಹುಟ್ಟಿದುದು ಆ ಉತ್ತರ ಸಮುದ್ರದ ಅಂಚಿನಲ್ಲಿರುವ ಪೂರ್ವ ಫ್ರೀಸ್‌ಲೆಂಡ್ ಸೀಮೆಯ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ. ಆ ಹಳ್ಳಿಯ ಎದುರಿಗೆ, ಕಡಲಿನಲ್ಲಿ ಮಣಿ ಪೋಣಿಸಿದಂತೆ ಸಾಲಾಗಿ ಚಿಕ್ಕ ಚಿಕ್ಕ ದ್ವೀಪಗಳಿವೆ. ಇಳಿತವಾದಾಗ ದಡಕ್ಕೂ ದ್ವೀಪಗಳಿಗೂ ನಡುವಿನ ಕಡಲು ಬರಿದಾಗಿ ಕೆಸರಿನ ಬಯಲಾಗುತ್ತದೆ. ಭರತವು ಬಂದಾಗ ಮತ್ತೆ ನೀರಾಗುತ್ತದೆ. ದ್ವೀಪಗಳ ಆಚೆಗೆ ಪ್ರಪಂಚದ ಅತ್ಯಂತ ಸಂದಣಿಯ ಹಡಗು ಹಾದಿಗಳಲ್ಲೊಂದು ಹಾದುಹೋಗುತ್ತದೆ. ಹ್ಯಾಂಬರ್ಗಿಗೂ ಬ್ರೆಮೆನ್ನಿಗೂ ಹೋಗುವ ಹಡಗುಗಳೂ, ಕೀಲ್ ಕಾಲುವೆಯ ಮೂಲಕ ಬಾಲ್ಟಿಕ್ ಸಮುದ್ರಕ್ಕೆ ದಾಟುವ ಹಡಗುಗಳೂ ಇದೇ ಹಾದಿಯಲ್ಲಿ ಬರತಕ್ಕವು. ನಮ್ಮ ನಿಘಂಟುಕಾರರ ಹುಟ್ಟೂರಿನ ಮುಂದಿರುವ ಈ ನೀರಿನಲ್ಲೇ ನಾವು ಹೇಳಲಿರುವ ಒಂದು ಪ್ರಸಂಗವೂ ನಡೆದಿದೆ.

ಮೊದಲು ಆ ನಾಲ್ಕು ಮನೆಗಳ ಪರಿಚಯವನ್ನು ಮಾಡಿಕೊಳ್ಳೋಣ.

ಮೊದಲನೆಯದು ಒಕ್ಕೂಟದ ಪೊಲೀಸು ಇಲಾಖೆ. ಇದು ಗೃಹಮಂತ್ರಿಗಳಿಗೆ ಸೇರಿದುದು. ೨೦೦೫ಕ್ಕೆ ಮುಂಚೆ ಇದಕ್ಕೆ ಗಡಿಕಾವಲು ದಳವೆಂದು ಹೆಸರಿತ್ತು. ಕಡಲ ಗಡಿಯನ್ನು ದಾಟಿ ಬರುವವರನ್ನು ವಿಚಾರಿಸುವುದೂ, ದೇಶದ ಎಲ್ಲೆಯಿಂದಾಚೆಯ ನೀರಿನಲ್ಲಿ ಪೊಲೀಸರು ಮಾಡತಕ್ಕ ಕೆಲಸಗಳನ್ನು ಮಾಡುವುದೂ ಇದರ ಹೊಣೆ. ಎರಡನೆಯದು ಸುಂಕದ ಇಲಾಖೆ. ಇದು ಹಣಕಾಸಿನ ಮಂತ್ರಿಗಳಿಗೆ ಸೇರಿದುದು. ಕಳ್ಳಸಾಗಣೆಯನ್ನು ತಡೆಯುವುದು ಇದರ ಹಳೆಯ ಕಸುಬು. ಮೂರನೆಯದು ಜಲಮಾರ್ಗ ಹಾಗೂ ನೌಕಾಯಾನದ ಇಲಾಖೆ. ಇದು ಸಾರಿಗೆಯ ಮಂತ್ರಿಗಳ ಕೈಕೆಳಗಿನದು. ದೀಪಸ್ತಂಭಗಳು, ಹಾದಿ ತೋರುವ ತೇಲುಗುರುತುಗಳು, ಹಡಗುಗಳ ಓಡಾಟವನ್ನು ಹಗಲಿರುಳು ನೋಡುತ್ತಿರುವ ದಡದ ಠಾಣೆಗಳು, ಇವೆಲ್ಲವೂ ಇದರ ವಶದಲ್ಲಿವೆ. ನಾಲ್ಕನೆಯದು ಕೃಷಿ ಮತ್ತು ಆಹಾರದ ಇಲಾಖೆ. ಕೃಷಿಯವರಿಗೆ ಕಡಲಿನಲ್ಲಿ ಏನು ಕೆಲಸವೆಂದು ವಾಚಕರು ಬೆರಗಾಗಬೇಡಿರಿ. ಮೀನೂ ಅನ್ನದಂತೆ ಆಹಾರವೇ ಆದುದರಿಂದ, ಬಲೆಯ ಕಣ್ಣು ಎಷ್ಟು ಅಗಲವಿದೆ, ಹಿಡಿದ ಮೀನು ಎಷ್ಟು, ಲೆಕ್ಕದ ಪುಸ್ತಕದಲ್ಲಿ ಬರೆದುದೆಷ್ಟು ಎಂಬುದನ್ನು ಈ ಇಲಾಖೆಯ ಹಡಗುಗಳು ನೋಡುತ್ತಿರುವುವು. ‘ಸೇಆಡ್ಲರ್’, ‘ಸೇಫಾಲ್ಕೆ’, ‘ಮೇರ್‌ಕಾಟ್ಸೆ’ ಎಂಬವು ಈ ಮೀನುಗಾರಿಕೆಯ ಕಾವಲು ಹಡಗುಗಳ ಹೆಸರುಗಳು. ಮೊದಲನೆಯದಕ್ಕೆ ಕಡಲಹದ್ದೆಂದೂ ಎರಡನೆಯದಕ್ಕೆ ಕಡಲಡೇಗೆಯೆಂದೂ ಅರ್ಥ.

ಈ ನಾಲ್ವರೂ ಬಹಳ ಕಾಲ ತಮ್ಮ ತಮ್ಮ ದಾರಿಯಲ್ಲಿ ತಾವಿದ್ದರು. ಒಂದೇ ದಿನ ಒಂದೇ ಕೊಲ್ಲಿಯಲ್ಲಿ ಮೂರು ಇಲಾಖೆಗಳ ಮೂರು ಹಡಗುಗಳು ಸುತ್ತಾಡುತ್ತಿರಬಹುದು, ಮತ್ತೊಂದು ಕಡೆಯಲ್ಲಿ ಒಂದೂ ಇಲ್ಲದಿರಬಹುದು. ೧೯೯೦ರಲ್ಲಿ ಪೂರ್ವ ಪಶ್ಚಿಮ ಜರ್ಮನಿಗಳು ಒಂದಾದ ತರುವಾಯ ಕಾಯಬೇಕಾದ ಬಾಲ್ಟಿಕ್ ಕರಾವಳಿಯೂ ಉದ್ದವಾಯಿತು. ೧೯೯೪ನೆಯ ಇಸವಿ ಜುಲೈ ೧ನೆಯ ತಾರೀಖಿನಿಂದ ಈ ನಾಲ್ಕು ಇಲಾಖೆಗಳ ಹಡಗುಗಳನ್ನು ಸೇರಿಸಿ ‘ಕ್ಯೂಸ್ಟನ್‌ವಾಖೆ’, ಎಂದರೆ ಕರಾವಳಿಯ ಕಾವಲು, ಎಂಬ ಹೆಸರಿನಲ್ಲಿ ಒಂದು ಕೂಟವನ್ನು ಏರ್ಪಡಿಸಿದರು. ಹಡಗುಗಳ ಪಕ್ಕದ ಮೇಲೆ ಆ ಹೆಸರನ್ನು ದೊಡ್ಡ ಅಕ್ಷರಗಳಲ್ಲಿ ಬರೆದು, ದೇಶದ ಧ್ವಜದ ಕಪ್ಪು ಕೆಂಪು ಹೊಂಬಣ್ಣದ ಪಟ್ಟಿಯನ್ನು ಓರೆಯಾಗಿ ಬಳಿದರು. ದಡದಿಂದ ನೋಡುವವರಿಗೆ ಎಲ್ಲವೂ ಒಂದೇ ಪಡೆಯ ಹಡಗುಗಳಂತೆ ಕಾಣುವುವು.

ಆದರೆ ಇಲ್ಲಿ ಒಂದು ಸೂಕ್ಷ್ಮವುಂಟು. ಬಣ್ಣವು ಒಂದಾಯಿತು, ಮನೆಗಳು ಒಂದಾಗಲಿಲ್ಲ. ಪ್ರತಿಯೊಂದು ಹಡಗೂ ತನ್ನ ಇಲಾಖೆಯದೇ, ಅದರ ಖಲಾಸಿಗಳಿಗೂ ಅಧಿಕಾರಿಗಳಿಗೂ ಸಂಬಳವು ಆ ಇಲಾಖೆಯಿಂದಲೇ, ಅವರು ಚಲಾಯಿಸತಕ್ಕ ಕಾನೂನೂ ಆ ಇಲಾಖೆಯದೇ. ಕೂಡಿಸಿದ್ದು ಯಾವುದೆಂದರೆ ತಿಳಿವಳಿಕೆಯನ್ನೂ ಗಸ್ತಿನ ಯೋಜನೆಯನ್ನೂ. ಯಾವ ಹಡಗು ಯಾವಾಗ ಎಲ್ಲಿರಬೇಕೆಂಬುದನ್ನು ಒಟ್ಟಿಗೆ ಕುಳಿತು ಗೊತ್ತುಮಾಡುವರು. ಮೀನುಗಾರಿಕೆಯ ಹಡಗಿನವರ ಕಣ್ಣಿಗೆ ನೀರಿನ ಮೇಲೆ ಎಣ್ಣೆಯ ಗೆರೆ ಬಿದ್ದರೆ, ‘ಇದು ನಮ್ಮ ಕೆಲಸವಲ್ಲ’ವೆಂದು ಮುಂದಕ್ಕೆ ಹೋಗದೆ ಕೇಂದ್ರಕ್ಕೆ ತಿಳಿಸುವರು. ಯಾವ ಹಡಗು ಹತ್ತಿರವಿದೆಯೋ ಅದು ಮೊದಲು ಹೋಗಿ ಕಾನೂನು ಕೊಟ್ಟಷ್ಟು ಕೆಲಸವನ್ನು ಮಾಡಿ, ಉಳಿದುದನ್ನು ಸಂಬಂಧಪಟ್ಟವರಿಗೆ ಒಪ್ಪಿಸುತ್ತದೆ. ಅವಿಭಕ್ತ ಕುಟುಂಬದಲ್ಲಿ ಅಡುಗೆಯ ಸರದಿ ಒಬ್ಬರದಾಗಿದ್ದರೂ ಉಕ್ಕುವ ಹಾಲನ್ನು ಕಂಡವರು ಇಳಿಸುವುದಿಲ್ಲವೇ? ಆ ಬಗೆಯ ನಡೆವಳಿಕೆಯನ್ನೇ ಇವರು ಬರೆದು ನಿಯಮವಾಗಿ ಮಾಡಿಕೊಂಡಿರುವರು.

ಎಲ್ಲರನ್ನೂ ಸೇರಿಸಿ ಒಂದೇ ಪಡೆಯನ್ನು ಕಟ್ಟಿಬಿಡಬಾರದಾಗಿತ್ತೇ? ಇದು ಸಹಜವಾದ ಪ್ರಶ್ನೆ. ಇದಕ್ಕೆ ಉತ್ತರವು ಆ ದೇಶದ ಚರಿತ್ರೆಯಲ್ಲಿದೆ. ಹಿಟ್ಲರನ ಕಾಲದಲ್ಲಿ ಪೊಲೀಸು ಬಲವೆಲ್ಲವೂ ಒಂದೇ ಕೈಯಲ್ಲಿ ಸೇರಿದುದರ ಪರಿಣಾಮವನ್ನು ಆ ಜನರು ಕಣ್ಣಾರೆ ಕಂಡಿದ್ದರು. ಆದುದರಿಂದ ೧೯೪೯ರಲ್ಲಿ ರಾಜ್ಯಾಂಗವನ್ನು ಬರೆಯುವಾಗ ಪೊಲೀಸು ಅಧಿಕಾರವನ್ನು ಬಹುಮಟ್ಟಿಗೆ ರಾಜ್ಯಗಳಿಗೇ ಬಿಟ್ಟುಕೊಟ್ಟರು; ಒಕ್ಕೂಟದ ಸರಕಾರಕ್ಕೆ ಗೊತ್ತಾದ ಕೆಲವು ಕಾರ್ಯಗಳನ್ನು ಮಾತ್ರ ಕೊಟ್ಟರು. ಸೈನ್ಯವನ್ನು ದೇಶದೊಳಗೆ ಪೊಲೀಸರಂತೆ ಬಳಸುವುದಕ್ಕೆ ಆಮೇಲೆ ರಾಜ್ಯಾಂಗದಲ್ಲೇ ಬಿಗಿಯಾದ ಕಟ್ಟಳೆಗಳನ್ನು ಹಾಕಿದರು. ನೌಕಾಪಡೆಯು ತನ್ನ ಹಡಗನ್ನೋ ವಿಮಾನವನ್ನೋ ಸಹಾಯಕ್ಕಾಗಿ ಕೊಡಬಹುದು. ಆದರೆ ಕಳ್ಳಸಾಗಣೆಯವನ ಕೈಗೆ ಕೋಳ ತೊಡಿಸುವುದು ಅದರ ಕೆಲಸವಲ್ಲ. ಅಧಿಕಾರವನ್ನು ಹಂಚಿದುದು ಅಲ್ಲಿ ಅಜಾಗರೂಕತೆಯಿಂದಲ್ಲ, ಭಯದಿಂದ. ಆ ಭಯಕ್ಕೆ ತಕ್ಕ ಕಾರಣವೂ ಇತ್ತು.

ಹೀಗೆ ಹಂಚಿದುದರ ಫಲವಾಗಿ ಕಡಲಿನಲ್ಲಿ ಇನ್ನೊಂದು ಗೆರೆ ಬಿದ್ದಿದೆ. ಜರ್ಮನಿಯಲ್ಲಿ ಕಡಲ ದಡವಿರುವ ರಾಜ್ಯಗಳು ಐದು: ಲೋವರ್ ಸ್ಯಾಕ್ಸನಿ, ಬ್ರೆಮೆನ್, ಹ್ಯಾಂಬರ್ಗ್, ಶ್ಲೆಸ್ವಿಗ್-ಹೋಲ್‌ಸ್ಟೈನ್ ಮತ್ತು ಮೆಕ್ಲೆನ್‌ಬರ್ಗ್. ಈ ಐದಕ್ಕೂ ತಮ್ಮದೇ ಆದ ಜಲಪೊಲೀಸರುಂಟು. ದಡದಿಂದ ಹೆಚ್ಚೆಂದರೆ ೧೨ ಕಡಲ ಮೈಲಿ, ಎಂದರೆ ಸುಮಾರು ೨೨ ಕಿಲೋಮೀಟರುಗಳವರೆಗೆ, ದೇಶದ ಸ್ವಂತ ಎಲ್ಲೆ. ಅದರೊಳಗೆ ಪೊಲೀಸು ಕಾರ್ಯವು ಸಾಮಾನ್ಯವಾಗಿ ಈ ರಾಜ್ಯಗಳ ಜಲಪೊಲೀಸರದು. ಅದರಾಚೆಗೆ ಒಕ್ಕೂಟದವರದು. ಆದುದರಿಂದ ಒಟ್ಟು ಲೆಕ್ಕ ಹಾಕಿದರೆ ಬಾವಿಗೆ ನಾಲ್ಕೇ ಮನೆಗಳಲ್ಲ, ಅದರ ಪಕ್ಕದಲ್ಲಿ ಇನ್ನೂ ಐದು ಮನೆಗಳಿವೆಯೆಂದು ತಿಳಿಯತಕ್ಕದ್ದು.

ಇನ್ನೂ ಒಂದು ಸೋಜಿಗವನ್ನು ಹೇಳದೆ ಮುಂದುವರಿಯಲಾರೆವು. ಮುಳುಗುತ್ತಿರುವವರ ಪ್ರಾಣವನ್ನು ಉಳಿಸುವ ಕೆಲಸದ ಮುಖ್ಯ ಹೊಣೆಯು ಈ ಒಂಬತ್ತು ಮನೆಗಳಲ್ಲಿ ಯಾವುದಕ್ಕೂ ಸೇರಿಲ್ಲ. ಅದು ಒಂದು ಧರ್ಮಸಂಘದ ಕೈಯಲ್ಲಿದೆ. ಕಿಟ್ಟೆಲ್ಲರು ಹಿಂದೂಸ್ಥಾನಕ್ಕೆ ಬಂದ ಮರುವರುಷವೇ, ಎಂದರೆ ೧೮೫೪ರ ನವೆಂಬರಿನಲ್ಲಿ, ಅವರ ಹುಟ್ಟೂರಿಗೆ ದೂರವಲ್ಲದ ಶ್ಪೀಕೆರೋಗ್ ದ್ವೀಪದ ಬಳಿ ‘ಯೋಹಾನ್ನೆ’ ಎಂಬ ಹಡಗು ಬಿರುಗಾಳಿಗೆ ಸಿಕ್ಕಿ ಒಡೆಯಿತು. ಹೊಸ ಬಾಳನ್ನು ಹುಡುಕಿಕೊಂಡು ಅಮೆರಿಕಕ್ಕೆ ಹೊರಟಿದ್ದ ಎಪ್ಪತ್ತಕ್ಕಿಂತ ಹೆಚ್ಚು ಜನರು ದಡದ ಹತ್ತಿರದಲ್ಲೇ ಪ್ರಾಣ ಬಿಟ್ಟರು. ದ್ವೀಪದವರ ಬಳಿ ಅವರನ್ನು ಉಳಿಸುವ ಸಾಧನಗಳಿರಲಿಲ್ಲ. ಇಂಥ ದುರಂತಗಳಿಂದ ನೊಂದ ನಾಗರಿಕರು ೧೮೬೫ರ ಮೇ ೨೯ರಂದು ಕೀಲ್ ಪಟ್ಟಣದಲ್ಲಿ ಸೇರಿ ಕಡಲಿನಲ್ಲಿ ಪ್ರಾಣರಕ್ಷಣೆ ಮಾಡುವ ಸಂಘವನ್ನು ಸ್ಥಾಪಿಸಿದರು. ಅದರ ಮುಖ್ಯಸ್ಥಾನವು ಬ್ರೆಮೆನ್ನಿನಲ್ಲಿದೆ. ಇಂದಿಗೂ ಆ ಸಂಘವು ನಡೆಯುವುದು ಜನರು ಕೊಡುವ ದಾನದಿಂದ. ಅಂಗಡಿಗಳಲ್ಲಿಯೂ ಊಟದ ಮನೆಗಳಲ್ಲಿಯೂ ಚಿಕ್ಕ ದೋಣಿಯ ಆಕಾರದ ಹುಂಡಿಗಳನ್ನು ಇಟ್ಟಿರುವರು; ೧೮೭೫ರಿಂದ ಈ ಪದ್ಧತಿ ನಡೆದು ಬಂದಿದೆ. ಚಿಲ್ಲರೆ ಕಾಸನ್ನು ಅದರಲ್ಲಿ ಹಾಕುವ ಮಕ್ಕಳಿಗೆ ತಾವು ಯಾರನ್ನು ಉಳಿಸಿದೆವೆಂಬುದು ತಿಳಿಯದಿದ್ದರೂ ದೋಣಿಯು ಹೊರಡುವುದು ಆ ಕಾಸಿನಿಂದಲೇ. ಹನಿ ಹನಿ ಕೂಡಿ ಹಳ್ಳವೆಂಬ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನವು ಬೇಕಿಲ್ಲ. ದೋಣಿಗಳಲ್ಲಿ ದುಡಿಯುವವರಲ್ಲಿ ಬಹುಜನರು ಸಂಬಳವಿಲ್ಲದೆ ಸೇವೆ ಮಾಡುವವರು. ಸರಕಾರವು ಕಡಲಿನ ಪ್ರಾಣರಕ್ಷಣೆಯ ಹೊಣೆಯನ್ನು ಒಪ್ಪಂದದ ಮೂಲಕ ಈ ಸಂಘಕ್ಕೇ ವಹಿಸಿಕೊಟ್ಟಿದೆ; ಕಾವಲಿನ ಹಡಗುಗಳು ಕರೆದಾಗ ಬಂದು ನೆರವಾಗುವುವು.

ಇಷ್ಟು ಜನರು ಕೂಡಿ ಮಾಡುವ ಕೆಲಸವು ಕಷ್ಟದ ದಿನದಲ್ಲಿ ಹೇಗೆ ನಡೆದೀತು? ಕೂಟವು ಹುಟ್ಟಿದ ಐದನೆಯ ವರುಷದಲ್ಲಿಯೇ ಆ ದಿನವು ಬಂದಿತು.

೧೯೯೮ರ ಅಕ್ಟೋಬರ್ ೨೫ರಂದು ಸ್ವೀಡನ್ನಿನಿಂದ ಮರವನ್ನು ಹೇರಿಕೊಂಡು ಮೊರಾಕೊ ದೇಶಕ್ಕೆ ಹೊರಟಿದ್ದ ‘ಪಲ್ಲಾಸ್’ ಎಂಬ ಹಡಗಿಗೆ ಡೆನ್ಮಾರ್ಕಿನ ಕರಾವಳಿಯಾಚೆಗೆ ಬೆಂಕಿ ಹತ್ತಿತು. ಡೇನಿಷರು ಹೆಲಿಕಾಪ್ಟರುಗಳಿಂದ ಖಲಾಸಿಗಳನ್ನು ಎತ್ತಿಕೊಂಡರು. ಆದರೂ ಒಬ್ಬನ ಪ್ರಾಣವು ಹೋಯಿತು. ಒಳಗೆ ಮನುಷ್ಯರಿಲ್ಲದೆ, ಉರಿಯುತ್ತಲೇ, ಆ ಹಡಗು ಬಿರುಗಾಳಿಯಲ್ಲಿ ಜರ್ಮನಿಯ ನೀರಿನ ಕಡೆಗೆ ತೇಲತೊಡಗಿತು. ‘ನಾಯ್‌ವೆರ್ಕ್’, ‘ಮೆಲ್ಲುಮ್’ ಎಂಬ ಸರಕಾರದ ಹಡಗುಗಳು ಅದನ್ನು ಹಿಡಿದು ಎಳೆಯಲು ಯತ್ನಿಸಿದುವು, ಹಗ್ಗಗಳು ಕಡಿದುಹೋದುವು. ೨೯ರಂದು ಅದು ಆಮ್ರುಮ್ ದ್ವೀಪದ ಬಳಿ ಮರಳಿನ ದಿಣ್ಣೆಯ ಮೇಲೆ ಕುಳಿತಿತು. ಅನೇಕ ವಾರಗಳ ಕಾಲ ಅದು ಉರಿಯುತ್ತಲೇ ಇತ್ತು. ಹೊರಬಿದ್ದ ಎಣ್ಣೆಯು ಬೇರೆ ದೊಡ್ಡ ಅಪಘಾತಗಳಿಗೆ ಹೋಲಿಸಿದರೆ ಬಹಳವಲ್ಲ; ಆದರೆ ಆ ಕೆಸರು ಬಯಲಿನ ನೀರು ಸಾವಿರಾರು ಕಡಲಹಕ್ಕಿಗಳಿಗೆ ಚಳಿಗಾಲದ ಆಶ್ರಯವಾದುದರಿಂದ ಸುಮಾರು ೧೬,೦೦೦ ಹಕ್ಕಿಗಳು ಸತ್ತುವು. ರೆಕ್ಕೆಗೆ ಎಣ್ಣೆ ಅಂಟಿದ ಹಕ್ಕಿಗೆ ಮೈ ಬೆಚ್ಚಗಿಡುವ ಶಕ್ತಿಯು ಹೋಗುತ್ತದೆ. ಅದು ಚಳಿಯಿಂದಲೇ ಸಾಯುತ್ತದೆ. ಹಡಗಿನ ಅವಶೇಷವು ಇಂದಿಗೂ ಅಲ್ಲಿಯೇ ಇದೆ.

ತರುವಾಯ ವಾದವು ಎದ್ದಿತು. ಒಕ್ಕೂಟದವರು ರಾಜ್ಯದವರ ಕಡೆಗೂ ರಾಜ್ಯದವರು ಒಕ್ಕೂಟದವರ ಕಡೆಗೂ ಬೆರಳು ತೋರಿಸಿದರು. ಹಡಗುಗಳಿಗೆ ಕೊರತೆಯಿರಲಿಲ್ಲ, ಕಷ್ಟಪಟ್ಟು ದುಡಿದವರಿಗೂ ಕೊರತೆಯಿರಲಿಲ್ಲ. ಅಪಾಯವು ಒಬ್ಬರ ಎಲ್ಲೆಯಿಂದ ಮತ್ತೊಬ್ಬರ ಎಲ್ಲೆಗೆ ತೇಲಿಹೋಗುತ್ತಿರುವಾಗ, ಎಲ್ಲರಿಗೂ ಅಪ್ಪಣೆ ಕೊಡತಕ್ಕವರು ಯಾರೆಂಬುದು ಮಾತ್ರ ಮೊದಲೇ ಗೊತ್ತಾಗಿರಲಿಲ್ಲ. ಇದನ್ನು ವಿಚಾರಿಸುವುದಕ್ಕೆ ನೇಮಿಸಿದ ತಜ್ಞರ ಮಂಡಲಿಯು ೨೦೦೦ದಲ್ಲಿ ವರದಿಯನ್ನು ಕೊಟ್ಟು, ಕಡಲಿನ ಕೆಲಸಗಳನ್ನೆಲ್ಲ ಒಂದೇ ಕಾವಲಿನ ಕೆಳಗೆ ತರಬೇಕೆಂದು ಸಲಹೆ ಮಾಡಿತು.

ಸರಕಾರವು ಅಷ್ಟು ದೂರ ಹೋಗಲಿಲ್ಲ. ಆದರೆ ಸುಮ್ಮನೆಯೂ ಕುಳಿತುಕೊಳ್ಳಲಿಲ್ಲ. ಎಲ್ಬೆ ನದಿಯು ಕಡಲನ್ನು ಸೇರುವಲ್ಲಿರುವ ಕುಕ್ಸ್‌ಹಾಫೆನ್ ಪಟ್ಟಣದಲ್ಲಿ ೨೦೦೩ರಲ್ಲಿ ಒಕ್ಕೂಟವೂ ಐದು ರಾಜ್ಯಗಳೂ ಕೂಡಿ ‘ಹಾವಾರೀಕಮಾಂಡೊ’ ಎಂಬ ಅಪಘಾತ ನಿರ್ವಹಣೆಯ ಕಚೇರಿಯನ್ನು ತೆರೆದುವು. ಸಾಮಾನ್ಯ ದಿನಗಳಲ್ಲಿ ಯಾರ ಕೆಲಸವು ಯಾರದೋ ಅದು ಅವರದೇ. ಆದರೆ ಬಹುಜನರ ಪ್ರಾಣಕ್ಕೋ ಕಡಲಿಗೋ ದಡಕ್ಕೋ ದೊಡ್ಡ ಅಪಾಯವು ಒದಗಿ ಒಬ್ಬೊಬ್ಬರ ಶಕ್ತಿಗೆ ಮೀರಿದ ಸಂದರ್ಭವಾದರೆ, ಈ ಕಚೇರಿಯ ಮುಖ್ಯಸ್ಥನು ‘ಇನ್ನು ಮುಂದೆ ಹೊಣೆಯು ನನ್ನದು’ ಎಂದು ಸಾರುತ್ತಾನೆ. ಅಂದಿನಿಂದ ಒಕ್ಕೂಟದ ಹಡಗುಗಳೂ ರಾಜ್ಯಗಳ ಹಡಗುಗಳೂ ಅವನ ಮಾತಿನಂತೆ ನಡೆಯತಕ್ಕವು. ಅಪಾಯವು ಮುಗಿದೊಡನೆ ಅಧಿಕಾರವು ಮತ್ತೆ ತಂತಮ್ಮ ಮನೆಗೆ ಹಿಂದಿರುಗುತ್ತದೆ. ೨೦೦೭ರಲ್ಲಿ ಅದೇ ಪಟ್ಟಣದಲ್ಲಿ ಕಡಲ ಭದ್ರತೆಯ ಕೇಂದ್ರವೊಂದನ್ನೂ ತೆರೆದರು. ಅದುವರೆಗೆ ಉತ್ತರ ಸಮುದ್ರಕ್ಕೊಂದು ಬಾಲ್ಟಿಕ್ಕಿಗೊಂದು ಬೇರೆಯಾಗಿದ್ದ ಕಾವಲು ಕೇಂದ್ರಗಳು ಇಲ್ಲಿ ಒಂದಾದುವು. ಈಗ ಪೊಲೀಸರು, ಸುಂಕದವರು, ಜಲಮಾರ್ಗದವರು, ಮೀನುಗಾರಿಕೆಯವರು, ರಾಜ್ಯಗಳ ಜಲಪೊಲೀಸರು, ನೌಕಾಪಡೆಯ ಪ್ರತಿನಿಧಿಗಳು, ಎಲ್ಲರೂ ಒಂದೇ ಸೂರಿನ ಕೆಳಗೆ ಕುಳಿತು ಒಂದೇ ಕಡಲಿನ ಚಿತ್ರವನ್ನು ನೋಡುತ್ತಿರುವರು. ಪತ್ರ ಬರೆದು ಉತ್ತರಕ್ಕೆ ಕಾಯುವುದಕ್ಕೂ ಪಕ್ಕದ ಮೇಜಿನವರನ್ನು ಕೂಗುವುದಕ್ಕೂ ಇರುವ ಅಂತರವನ್ನು ಕಚೇರಿಗಳಿಗೆ ಅಲೆದಿರುವ ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ.

ಇಷ್ಟಾದ ಮೇಲೆ ಎಲ್ಲವೂ ಸರಿಹೋಯಿತೆಂದು ಹೇಳಿ ಮುಗಿಸಿದರೆ ಸತ್ಯಕ್ಕೆ ಅಪಚಾರವಾದೀತು. ೨೦೧೭ರ ಅಕ್ಟೋಬರ್ ೨೯ರಂದು ದೊಡ್ಡ ಬಿರುಗಾಳಿಯೆದ್ದಾಗ, ಲಂಗರು ಹಾಕಿ ನಿಂತಿದ್ದ ‘ಗ್ಲೋರಿ ಆಮ್‌ಸ್ಟರ್‌ಡ್ಯಾಮ್’ ಎಂಬ ೨೨೫ ಮೀಟರು ಉದ್ದದ ಸರಕು ಹಡಗು ಲಂಗರನ್ನು ಎಳೆದುಕೊಂಡೇ ತೇಲಿತು. ಅಪಘಾತ ನಿರ್ವಹಣೆಯ ಕಚೇರಿಯು ಹೊಣೆಯನ್ನು ಹೊತ್ತಿತು. ತುರ್ತು ಕೆಲಸಕ್ಕೆಂದು ಸದಾ ಸಿದ್ಧವಾಗಿ ನಿಲ್ಲಿಸಿರುವ ‘ನಾರ್ಡಿಕ್’ ಎಂಬ ಎಳೆಹಡಗೂ ಬಂದಿತು. ಆದರೂ ಎಳೆಯುವ ಹಗ್ಗವು ನಿಲ್ಲಲಿಲ್ಲ. ಹಡಗಿನವರಿಗೂ ನೆರವಿಗೆ ಹೋದವರಿಗೂ ಮಾತಿನ ಹೊಂದಿಕೆಯು ಸಾಲದಾಯಿತು. ಸಂಜೆಯ ಹೊತ್ತಿಗೆ ಹಡಗು ಲಾಂಗೆಯೋಗ್ ದ್ವೀಪದ ಮುಂದೆ ನೆಲಕ್ಕೆ ಕಚ್ಚಿತು. ಕಿಟ್ಟೆಲ್ಲರ ಹಳ್ಳಿಯ ಎದುರಿನ ದ್ವೀಪಗಳಲ್ಲಿ ಅದೂ ಒಂದು. ಹಡಗಿನ ಹೊಟ್ಟೆಯಲ್ಲಿ ಸುಮಾರು ೧,೮೦೦ ಟನ್ ಇಂಧನವಿತ್ತು. ದೈವಕೃಪೆಯಿಂದ ಅದು ಹೊರಬೀಳಲಿಲ್ಲ. ನಾಲ್ಕು ದಿನಗಳ ಮೇಲೆ ಹಡಗನ್ನು ಎಳೆದು ತೆಗೆದರು. ಅಪ್ಪಣೆ ಕೊಡುವ ಧ್ವನಿಯು ಒಂದಾಗಿದ್ದರೆ ಸಾಲದು, ಕೇಳುವ ಕಿವಿಗೆ ಅದು ಅರ್ಥವಾಗಲೂ ಬೇಕೆಂಬ ಪಾಠವು ಅಂದು ದೊರೆಯಿತು.

೨೦೨೩ರ ಅಕ್ಟೋಬರ್ ೨೪ರ ಬೆಳಗಿನ ಜಾವದಲ್ಲಿ ಹೆಲ್ಗೋಲ್ಯಾಂಡ್ ದ್ವೀಪದ ಬಳಿ ‘ವೆರಿಟಿ’, ‘ಪೋಲೆಸಿಯೆ’ ಎಂಬ ಎರಡು ಸರಕು ಹಡಗುಗಳು ಡಿಕ್ಕಿ ಹೊಡೆದು ಮೊದಲನೆಯದು ಮುಳುಗಿತು. ಈ ಸಲ ರಕ್ಷಣಾ ಸಂಘದ ದೋಣಿಗಳು, ಕಾವಲಿನ ಹಡಗುಗಳು, ಹೆಲಿಕಾಪ್ಟರುಗಳು, ಆ ಹಾದಿಯಲ್ಲಿ ಹೋಗುತ್ತಿದ್ದ ಒಂದು ದೊಡ್ಡ ಪ್ರವಾಸಿ ಹಡಗು, ಎಲ್ಲವೂ ಒಟ್ಟಾಗಿ ಹುಡುಕಿದುವು. ಆದರೂ ಮುಳುಗಿದ ಹಡಗಿನಲ್ಲಿದ್ದ ಏಳು ಜನರಲ್ಲಿ ಇಬ್ಬರು ಮಾತ್ರ ಬದುಕಿ ಬಂದರು. ಏರ್ಪಾಡು ಎಷ್ಟೇ ಚೆನ್ನಾಗಿದ್ದರೂ ಕಡಲು ತನ್ನ ಬಲವನ್ನು ಬಿಟ್ಟುಕೊಡುವುದಿಲ್ಲವೆಂಬುದನ್ನು ಮರೆಯತಕ್ಕದ್ದಲ್ಲ.

ಹಾಗಾದರೆ ನಾಲ್ಕು ಮನೆಗಳನ್ನು ಒಡೆದು ಒಂದು ಮನೆಯನ್ನಾಗಿ ಮಾಡುವುದೇ ಮೇಲೆಂದು ಹೇಳುವವರು ಆ ದೇಶದಲ್ಲಿ ಇಂದಿಗೂ ಇದ್ದಾರೆ. ೨೦೨೨ರ ಸೆಪ್ಟೆಂಬರಿನಲ್ಲಿ ಬಾಲ್ಟಿಕ್ ತಳದ ‘ನಾರ್ಡ್ ಸ್ಟ್ರೀಮ್’ ಅನಿಲದ ಕೊಳವೆಗಳು ಸ್ಫೋಟಕ್ಕೆ ಸಿಕ್ಕಿ ಒಡೆದುವು. ೨೦೨೪ರ ನವೆಂಬರಿನಲ್ಲಿ ಫಿನ್‌ಲೆಂಡಿಗೂ ಜರ್ಮನಿಗೂ ನಡುವಿನ ತಂತಿಯು ಕಡಿದುಹೋಯಿತು. ಕಳ್ಳನೋ ಶತ್ರುವೋ ಎಂದು ಹೇಳಲಾಗದಂಥ ಕೈಗಳು ಕಡಲಿನ ತಳಕ್ಕೆ ನೀಡುತ್ತಿರುವಾಗ, ಪೊಲೀಸರ ಗೆರೆ ಇಲ್ಲಿಗೆ, ನೌಕಾಪಡೆಯ ಗೆರೆ ಅಲ್ಲಿಗೆಂದು ಅಳೆಯುತ್ತ ಕೂರುವುದು ಸರಿಯೇ ಎಂಬುದು ಅವರ ವಾದ. ಇದಿರು ಪಕ್ಷದವರು ಹೇಳುವುದೇನೆಂದರೆ, ಸುಂಕದ ವಿದ್ಯೆಯೂ ಮೀನಿನ ವಿದ್ಯೆಯೂ ದೀಪಸ್ತಂಭದ ವಿದ್ಯೆಯೂ ಬೇರೆ ಬೇರೆ. ಒಂದೇ ಸಮವಸ್ತ್ರವನ್ನು ತೊಡಿಸಿದ ಮಾತ್ರಕ್ಕೆ ಒಬ್ಬನಿಗೇ ಎಲ್ಲವೂ ಬಾರದು. ರಾಜ್ಯಾಂಗವು ಬೇಕೆಂದೇ ಹಂಚಿದ ಅಧಿಕಾರವನ್ನು ಅನುಕೂಲಕ್ಕಾಗಿ ಕೂಡಿಸುವುದು ಅಪಾಯಕರವಾದ ರೂಢಿ. ಎರಡೂ ಮಾತುಗಳಲ್ಲಿ ತೂಕವಿದೆಯೆಂದು ನಮಗೆ ಕಾಣುತ್ತದೆ.

ನಮ್ಮ ದೇಶವು ಹಿಡಿದ ದಾರಿಯು ಬೇರೆ. ೧೯೭೮ರ ಕಾನೂನಿನಿಂದ ನಾವು ರಕ್ಷಣಾ ಮಂತ್ರಿಗಳ ಕೈಕೆಳಗೆ ಭಾರತೀಯ ತಟರಕ್ಷಕ ಪಡೆಯೆಂಬ ಒಂದೇ ಪಡೆಯನ್ನು ಕಟ್ಟಿದೆವು. ನಮ್ಮ ಪಣಂಬೂರಿನಲ್ಲಿಯೂ ಅದರ ನೆಲೆಯುಂಟು. ಆದರೆ ಅಷ್ಟರಿಂದ ಮನೆಗಳು ಒಂದಾದುವೆಂದು ತಿಳಿಯಬಾರದು. ಮಲ್ಪೆಯಲ್ಲಿ ಮುಖ್ಯ ಕಚೇರಿಯುಳ್ಳ ಕರಾವಳಿ ಕಾವಲು ಪೊಲೀಸರು ರಾಜ್ಯ ಸರಕಾರದವರು. ಸುಂಕದವರು, ಬಂದರಿನವರು, ಮೀನುಗಾರಿಕೆಯ ಇಲಾಖೆಯವರು, ನೌಕಾಪಡೆಯವರು ಬೇರೆ ಬೇರೆಯಾಗಿಯೇ ಇದ್ದಾರೆ. ೨೦೦೮ರಲ್ಲಿ ಕೊಲೆಗಡುಕರು ಕಡಲ ದಾರಿಯಿಂದಲೇ ಮುಂಬಯಿಗೆ ಬಂದಿಳಿದ ತರುವಾಯ ಯಾರ ಎಲ್ಲೆಯು ಎಲ್ಲಿಯವರೆಗೆಂಬುದನ್ನು ನಾವೂ ಹೊಸದಾಗಿ ಗೊತ್ತುಪಡಿಸಿಕೊಳ್ಳಬೇಕಾಯಿತು. ೨೦೨೨ರಲ್ಲಿ ಇವರೆಲ್ಲರ ನಡುವೆ ಹೊಂದಿಕೆಯನ್ನುಂಟುಮಾಡಲು ರಾಷ್ಟ್ರೀಯ ಕಡಲ ಭದ್ರತಾ ಸಂಯೋಜಕರೆಂಬ ಅಧಿಕಾರಿಯನ್ನೂ ನೇಮಿಸಿದರು. ಒಂದೇ ಪಡೆಯನ್ನು ಕಟ್ಟಿದವರಿಗೂ, ಹಲವನ್ನು ಕೂಡಿಸಿದವರಿಗೂ, ಕೊನೆಗೆ ಬೇಕಾದುದು ಒಂದೇ ಆಯಿತೆಂದು ಇದರಿಂದ ತಿಳಿದುಬರುತ್ತದೆ.

೨೦೧೮ರ ಡಿಸೆಂಬರಿನಲ್ಲಿ ಏಳು ಮಂದಿ ಮೀನುಗಾರರನ್ನು ಹೊತ್ತು ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಎಂಬ ದೋಣಿಯು ಹಿಂದಿರುಗಲಿಲ್ಲ. ನೌಕಾಪಡೆಯೂ ತಟರಕ್ಷಕ ಪಡೆಯೂ ಪೊಲೀಸರೂ ಹುಡುಕಿದರು. ಅದರ ಅವಶೇಷವು ಮಹಾರಾಷ್ಟ್ರದ ಕಡಲಿನ ತಳದಲ್ಲಿ ದೊರೆತುದು ಮರುವರುಷದ ಮೇ ತಿಂಗಳಲ್ಲಿ. ಆ ತಿಂಗಳುಗಳಲ್ಲೆಲ್ಲ ಏಳು ಮನೆಗಳವರು ದಡದಲ್ಲಿ ಕಾದರು. ಕಡಲಿನ ಆಡಳಿತವೆಂಬುದು ಮಂತ್ರಿಗಳ ಕಡತದ ವಿಷಯವೆಂದು ನಮ್ಮಲ್ಲಿ ಯಾರಾದರೂ ತಿಳಿದಿದ್ದರೆ, ಅವರು ಆ ಏಳು ಮನೆಗಳ ಹೊಸ್ತಿಲನ್ನು ನೆನೆದುಕೊಳ್ಳಲಿ. ಮನೆಯಿಂದ ಹೊರಟವರು ಮನೆಗೆ ಬರಬೇಕು; ಬಾರದಿದ್ದರೆ ಅವರನ್ನು ಹುಡುಕುವವರು ಯಾರೆಂಬುದು ಹೊರಡುವ ಮುನ್ನವೇ ಗೊತ್ತಿರಬೇಕು. ಜರ್ಮನಿಯವರು ಹದಿನಾರು ಸಾವಿರ ಹಕ್ಕಿಗಳ ಬೆಲೆಯನ್ನು ತೆತ್ತು ಇಷ್ಟನ್ನು ಕಲಿತರು.

ಇದರಲ್ಲಿ ಗೃಹಸ್ಥರಾದ ನಮಗೂ ಗ್ರಹಿಸತಕ್ಕ ಅಂಶವುಂಟು. ಅಣ್ಣತಮ್ಮಂದಿರು ಬೇರೆ ಬೇರೆ ಮನೆಗಳಲ್ಲಿದ್ದು ವೃದ್ಧರಾದ ತಾಯಿತಂದೆಗಳನ್ನು ಸರದಿಯಂತೆ ನೋಡಿಕೊಳ್ಳುತ್ತಿರುವ ಸಂಸಾರಗಳು ಈಗ ಬಹಳ. ಖರ್ಚಿನ ಪಾಲು, ತಿಂಗಳ ಸರದಿ, ಎಲ್ಲವನ್ನೂ ಅವರು ಮಾತನಾಡಿಕೊಂಡಿರುವರು. ರಾತ್ರಿ ಎರಡು ಗಂಟೆಗೆ ತಂದೆಯವರಿಗೆ ಎದೆನೋವು ಬಂದರೆ ಆಸ್ಪತ್ರೆಯಲ್ಲಿ ‘ಆಗಲಿ’ ಎಂದೋ ‘ಬೇಡ’ವೆಂದೋ ಹೇಳುವ ಅಧಿಕಾರವು ಯಾರದೆಂಬುದನ್ನು ಮಾತ್ರ ಮಾತನಾಡಿಕೊಂಡಿರುವುದಿಲ್ಲ. ಅಶುಭವನ್ನು ಏಕೆ ನುಡಿಯಬೇಕೆಂಬ ಸಂಕೋಚವು ಅಡ್ಡ ಬರುತ್ತದೆ. ಆಮೇಲೆ ಉಳಿದವರು ವರುಷಗಟ್ಟಲೆ ಒಬ್ಬರ ಕಡೆಗೊಬ್ಬರು ಬೆರಳು ತೋರಿಸುತ್ತಿರುವುದನ್ನು ನಾವು ಕಂಡಿಲ್ಲವೇ? ಮನೆಗಳು ಬೇರೆಯಾಗಿದ್ದರೂ ಚಿಂತೆಯಿಲ್ಲ, ಹಡಗುಗಳು ಬೇರೆಯಾಗಿದ್ದರೂ ಚಿಂತೆಯಿಲ್ಲ. ಗಾಳಿ ಏಳುವುದಕ್ಕೆ ಮುಂಚೆ, ಎಲ್ಲರೂ ನಗುನಗುತ್ತ ಕುಳಿತಿರುವ ಒಂದು ಹಬ್ಬದ ಮಧ್ಯಾಹ್ನ, ಇಷ್ಟನ್ನು ಮಾತನಾಡಿ ಗೊತ್ತುಮಾಡಿಕೊಂಡರೆ ಸಾಕೆಂದು ನಾವು ವಾಚಕರಲ್ಲಿ ವಿನಯದಿಂದ ಬಿನ್ನವಿಸುವೆವು.